ಬಿಲ್ಡ್ ಟೂಲ್ ಅಪ್‌ಗ್ರೇಡ್: ಜೂನ್‌ನಲ್ಲೋ, ಗಡುವಿನ ಹಿಂದಿನ ರಾತ್ರಿಯೋ?

2025ರ ನವೆಂಬರ್ 1ರಿಂದ ಗೂಗಲ್ ಪ್ಲೇ ಸ್ಟೋರ್ ಒಂದು ಹೊಸ ನಿಯಮ ತಂದಿತು. ಆಂಡ್ರಾಯ್ಡ್ 15 ಅಥವಾ ಅದರ ಮುಂದಿನ ಆವೃತ್ತಿಗೆಂದು ಸಿದ್ಧವಾದ ಆ್ಯಪ್‌ಗಳು 16 ಕೆಬಿ ಮೆಮೊರಿ ಪುಟಗಳಿರುವ ಫೋನಿನಲ್ಲೂ ಓಡಬೇಕು. ಆಂಡ್ರಾಯ್ಡ್ 15ಕ್ಕೆ ಮೊದಲು ಮೆಮೊರಿಯನ್ನು 4 ಕೆಬಿ ತುಂಡುಗಳಾಗಿ ಹಂಚಲಾಗುತ್ತಿತ್ತು. ಇದೇನಿದ್ದರೂ ಫೋನ್ ತಯಾರಿಸುವವರ ತಲೆನೋವು ಅನಿಸಬಹುದು. ಬೆಂಗಳೂರಿನ ಇಂದಿರಾನಗರದ ನೂರಡಿ ರಸ್ತೆಯ ಯಾವುದೋ ಮೂರನೇ ಮಹಡಿಯಲ್ಲಿ ಕೂತ ಆರು ಜನರ ಆ್ಯಪ್ ತಂಡಕ್ಕೆ ಅದೇ ನಿಯಮ ಬಂದು ಮುಟ್ಟುವುದು ಮಾತ್ರ ಬಿಲ್ಡ್ ಟೂಲ್ ಅಪ್‌ಗ್ರೇಡ್ ಎಂಬ ಹೆಸರಿನಲ್ಲಿ.

ಬರೆದ ಕೋಡನ್ನು ಓಡಬಲ್ಲ ಆ್ಯಪ್ ಆಗಿಸುವ ಪ್ರೋಗ್ರಾಮೇ ಬಿಲ್ಡ್ ಟೂಲ್. ಯಾವ ಫೈಲು ಮೊದಲು ಕಂಪೈಲ್ ಆಗಬೇಕು, ಯಾವ ಲೈಬ್ರರಿ ಎಲ್ಲಿಂದ ಬರಬೇಕು, ಕೊನೆಗೆ ಎಲ್ಲವನ್ನೂ ಕಟ್ಟಿ ಸಹಿ ಹಾಕುವುದು ಹೇಗೆ ಎಂಬುದೆಲ್ಲ ಅದರ ಜವಾಬ್ದಾರಿ. ಆಂಡ್ರಾಯ್ಡ್‌ನಲ್ಲಿ ಈ ಕೆಲಸ ಗ್ರೇಡಲ್‌ನದು. ಅದರ ಮೇಲೆ ಕೂರುವುದು ಗೂಗಲ್ ಕೊಡುವ ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್, ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬರೀ ಎಜಿಪಿ.

ಈ ತಂಡದ ಆ್ಯಪ್ 2021ರಲ್ಲಿ ಶುರುವಾಯಿತು ಎಂದಿಟ್ಟುಕೊಳ್ಳೋಣ. ಎಜಿಪಿ 7.0, ಜಾವಾ 11. ನಾಲ್ಕು ವರ್ಷ ಯಾರೂ ಅದನ್ನು ಮುಟ್ಟಿಲ್ಲ, ಮುಟ್ಟುವ ಅಗತ್ಯವೂ ಬಿದ್ದಿಲ್ಲ. ಈಗ ಎಳೆ ಹಿಡಿದು ನೋಡಿ. 16 ಕೆಬಿಗೆ ಹೊಂದುವಂತೆ ನೇಟಿವ್ ಲೈಬ್ರರಿಗಳನ್ನು ಜೋಡಿಸಲು ಎಜಿಪಿ 8.5.1 ಅಥವಾ ಮುಂದಿನದು ಬೇಕು. ನವೆಂಬರಿನ ಆ ದಿನಾಂಕಕ್ಕಿಂತ ಎರಡು ತಿಂಗಳು ಮೊದಲೇ, ಆಗಸ್ಟ್ 31ಕ್ಕೆ, ಆ್ಯಪ್ ಆಂಡ್ರಾಯ್ಡ್ 15ನ್ನು ಗುರಿಯಾಗಿಟ್ಟುಕೊಂಡಿರಬೇಕು ಎಂಬ ಇನ್ನೊಂದು ಗಡುವಿತ್ತು. ಅದಕ್ಕೆ ಗೂಗಲ್ ಹೇಳುವ ಕನಿಷ್ಠ ಎಜಿಪಿ 8.6. ಆ ಎಜಿಪಿಗೆ ಗ್ರೇಡಲ್ 8.7 ಬೇಕು, ಜಾವಾ 17 ಬೇಕು. ಗ್ರೇಡಲ್ ಏರಿದರೆ ಕೋಟ್ಲಿನ್ ಭಾಷೆಯ ಪ್ಲಗಿನ್ ಏರಬೇಕು. ಕೋಟ್ಲಿನ್ ಏರಿದರೆ ಪರದೆಗಳನ್ನು ಕಟ್ಟುವ ಕಂಪೋಸ್ ಕಂಪೈಲರ್ ಏರಬೇಕು, ಏಕೆಂದರೆ 2024ರ ಮೇ ತಿಂಗಳಲ್ಲಿ ಕೋಟ್ಲಿನ್ 2.0 ಬಂದು ಎರಡನ್ನೂ ಒಟ್ಟಿಗೆ ಬಿಡುಗಡೆ ಮಾಡುವ ತನಕ ಒಂದೊಂದು ಕಂಪೋಸ್ ಕಂಪೈಲರಿಗೂ ಇಂಥದ್ದೇ ಕೋಟ್ಲಿನ್ ಆವೃತ್ತಿ ಎಂದು ಗಂಟುಹಾಕಲಾಗಿತ್ತು. ಜೊತೆಗೆ, ನಾಲ್ಕು ವರ್ಷದ ಹಿಂದೆ ಯಾರೋ ಸೇರಿಸಿದ, ಈಗ ಯಾರೂ ನೋಡಿಕೊಳ್ಳದ ಎರಡು ಮೂರು ಸಣ್ಣ ಪ್ಲಗಿನ್‌ಗಳು ಎಲ್ಲೋ ಅಡಗಿರುತ್ತವೆ. ಒಂದು ಸಂಖ್ಯೆ ಬದಲಿಸಿದರಾಯಿತು ಎಂದು ಸ್ಪ್ರಿಂಟ್‌ನಲ್ಲಿ ಅರ್ಧ ದಿನ ಬರೆದುಕೊಂಡವರು ಮೂರನೇ ವಾರವೂ ಅದರಲ್ಲೇ ಇರುತ್ತಾರೆ.

ಬಿಲ್ಡ್ ಮುರಿದರೆ ಅದು ಒಳ್ಳೆಯ ಸುದ್ದಿ, ಎಲ್ಲಿ ತಪ್ಪಾಯಿತೆಂದು ಪರದೆಯ ಮೇಲೇ ಕಾಣುತ್ತದೆ. ಮುರಿಯದಿದ್ದಾಗ ಹೆಚ್ಚು ಹೆದರಬೇಕು. ಎಜಿಪಿ 8.0 ಬಂದಾಗ (2023ರ ಏಪ್ರಿಲ್) ಕೋಡನ್ನು ಕುಗ್ಗಿಸುವ ಆರ್8 ಎಂಬ ಭಾಗದ 'ಫುಲ್ ಮೋಡ್' ತಾನಾಗಿಯೇ ಚಾಲೂ ಆಗುವಂತೆ ಮಾಡಿದರು. ಯಾವ ಕ್ಲಾಸನ್ನೂ ಫೀಲ್ಡನ್ನೂ ಯಾರೂ ನೇರವಾಗಿ ಕರೆಯುತ್ತಿಲ್ಲವೋ ಅದನ್ನು ಇದು ಮೊದಲಿಗಿಂತ ಕಟ್ಟುನಿಟ್ಟಾಗಿ ಕಿತ್ತುಹಾಕುತ್ತದೆ. ಸರ್ವರಿನಿಂದ ಬಂದ ಜೇಸನ್ ಮಾಹಿತಿಯನ್ನು ಜಿಸಾನ್ ಲೈಬ್ರರಿ ಓದುವುದು ರಿಫ್ಲೆಕ್ಷನ್ ಮೂಲಕ, ಅಂದರೆ ಕೋಡಿನಲ್ಲಿ ನೇರ ಕರೆ ಕಾಣಿಸದ ದಾರಿಯಲ್ಲಿ. ಆರ್8 ಕಣ್ಣಿಗೆ ಆ ಕ್ಲಾಸುಗಳೆಲ್ಲ ಬೇಡದ ಸಾಮಾನು. ಡೀಬಗ್ ಬಿಲ್ಡ್‌ನಲ್ಲಿ ಸಾಮಾನ್ಯವಾಗಿ ಈ ಕುಗ್ಗಿಸುವಿಕೆ ಇರುವುದಿಲ್ಲ, ಹಾಗಾಗಿ ಇಂಜಿನಿಯರನ ಮೇಜಿನ ಮೇಲೆ ಎಲ್ಲವೂ ಸರಿ. ಯೂನಿಟ್ ಟೆಸ್ಟ್‌ಗಳೂ ಹಸಿರು. ರಿಲೀಸ್ ಬಿಲ್ಡ್ ಗ್ರಾಹಕರ ಕೈಗೆ ಹೋದ ಮೇಲೆ, ಲಾಗಿನ್ ಆದ ಕೂಡಲೇ ಆ್ಯಪ್ ಮುಚ್ಚಿಕೊಳ್ಳುತ್ತದೆ. ಟೈಪ್ ಟೋಕನ್‌ಗೆ ಟೈಪ್ ಆರ್ಗ್ಯುಮೆಂಟ್ ಇಲ್ಲ ಎಂಬ ದೂರು ಕ್ರ್ಯಾಶ್ ವರದಿಯಲ್ಲಿ ಸಾಲುಗಟ್ಟುತ್ತದೆ. ಗ್ರೇಡಲ್‌ನ ಪ್ರಾಪರ್ಟೀಸ್ ಫೈಲಿನಲ್ಲಿ ಒಂದು ಸಾಲು ಬರೆದು ಫುಲ್ ಮೋಡ್ ಆರಿಸಬಹುದು, ಅಥವಾ ಆ ಕ್ಲಾಸುಗಳನ್ನು ಉಳಿಸಿಕೊಳ್ಳಿ ಎಂದು ನಿಯಮ ಬರೆಯಬಹುದು. ಎರಡೂ ಐದು ನಿಮಿಷದ ಕೆಲಸ, ಕಾರಣ ಗೊತ್ತಿದ್ದರೆ. ಗಡುವಿನ ಹಿಂದಿನ ರಾತ್ರಿ, ಅದೇ ರಿಲೀಸಿನಲ್ಲಿ ಹೊಸ ಪಾವತಿ ಪರದೆಯೂ ಇರುವಾಗ, ದೋಷ ಯಾವುದರದು ಎಂದು ಹುಡುಕುವುದಕ್ಕೇ ಬೆಳಗಾಗುತ್ತದೆ.

ಹೀಗಾಗಿ ಅಪ್‌ಗ್ರೇಡ್ ಮಾಡಬೇಕೇ ಬೇಡವೇ ಎಂಬುದಕ್ಕಿಂತ, ಯಾವ ತಿಂಗಳಲ್ಲಿ ಮಾಡಿದರೆ ಪೆಟ್ಟು ಕಡಿಮೆ ಎಂಬುದೇ ನನ್ನ ಮಟ್ಟಿಗೆ ಕೇಳಬೇಕಾದದ್ದು.

ಮೊದಲು ಹೀಗೆ ಗಡುವಿನ ಕಾಟ ಇರಲಿಲ್ಲ. ಬಿಲ್ಡ್ ಟೂಲ್‌ಗಳ ಹಿರಿಯಜ್ಜ ಮೇಕ್. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೂವರ್ಟ್ ಫೆಲ್ಡ್‌ಮನ್ ಬರೆದದ್ದು. ಅದರಲ್ಲಿ ಆದೇಶದ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು, ಸ್ಪೇಸ್ ಹಾಕಿದರೆ ಒಪ್ಪುವುದಿಲ್ಲ. ಇದು ಕೆಟ್ಟ ನಿಯಮವೆಂದು ಫೆಲ್ಡ್‌ಮನ್‌ಗೆ ಕೆಲವೇ ವಾರಗಳಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಹತ್ತು ಹನ್ನೆರಡು ಜನ ಬಳಸತೊಡಗಿದ್ದರು. ಅವರಿಗೆ ತೊಂದರೆ ಕೊಡುವುದೇಕೆಂದು ಹಾಗೇ ಬಿಟ್ಟರು. ಹನ್ನೆರಡು ಜನರ ಮೇಲಿನ ಆ ದಾಕ್ಷಿಣ್ಯವನ್ನು ಇಂದಿಗೂ ಜಗತ್ತಿನ ಬಹುತೇಕ ಎಲ್ಲ ಮೇಕ್‌ಫೈಲ್‌ಗಳೂ ಹೊತ್ತು ತಿರುಗುತ್ತಿವೆ. ಅದಾಗಿ ಒಂಬತ್ತು ವರ್ಷಕ್ಕೆ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಕಂಟೋನ್ಮೆಂಟಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕೆಲಸ ಆರಂಭಿಸಿ, ಸ್ವಂತ ಉಪಗ್ರಹ ಸಂಪರ್ಕದ ಮೂಲಕ ಅಮೆರಿಕಕ್ಕೆ ಕೋಡ್ ಕಳಿಸತೊಡಗಿತು. ಆ ಕಾಲದಲ್ಲಿ ಟೂಲು ಟೇಪಿನಲ್ಲಿ ಬರುತ್ತಿತ್ತು. ನಿಮ್ಮ ಯಂತ್ರದ ಮೇಲೆ ಹಾಕಿಕೊಂಡರೆ ನೀವಾಗಿ ಬದಲಿಸುವ ತನಕ ಅದೇ. ಯಾರೂ ಬಂದು ಗಡುವು ಹೇಳುತ್ತಿರಲಿಲ್ಲ.

ಇವತ್ತಿನ ಬಿಲ್ಡ್ ಟೂಲ್ ಪ್ರತಿ ಬಿಲ್ಡ್‌ಗೂ ಹೊರಗಿನ ಹತ್ತಾರು ಸರ್ವರುಗಳ ಮುಖ ನೋಡುತ್ತದೆ. ನಮ್ಮ ಕಡೆ ಒಂದಕ್ಷರವೂ ಬದಲಾಗದೆ ಬಿಲ್ಡ್ ನಿಂತುಹೋಗಬಹುದು. 2020ರ ಜನವರಿ 15ರಂದು ಹಾಗೇ ಆಯಿತು. ಜಾವಾ ಲೈಬ್ರರಿಗಳ ದೊಡ್ಡ ಉಗ್ರಾಣವಾದ ಮೇವನ್ ಸೆಂಟ್ರಲ್ ಅಂದಿನಿಂದ ಎಚ್‌ಟಿಟಿಪಿಯಲ್ಲಿ ಬಂದವರಿಗೆ ಬಾಗಿಲು ಮುಚ್ಚಿತು, ಎಚ್‌ಟಿಟಿಪಿಎಸ್ ಮಾತ್ರ. ಹಳೆಯ ಕಾನ್ಫಿಗರೇಶನ್ ಇದ್ದ ಪ್ರಾಜೆಕ್ಟ್‌ಗಳಿಗೆ ಬೆಳಿಗ್ಗೆ ಸಿಕ್ಕಿದ್ದು 501 ಎಂಬ ಉತ್ತರ. ಮರುವರ್ಷ ಫೆಬ್ರುವರಿಯಲ್ಲಿ ಬಿನ್‌ಟ್ರೇ ಸೇವೆ ಮುಚ್ಚುತ್ತೇವೆ, ಮೇ 1 ಕೊನೆ ಎಂದು ಜೆಫ್ರಾಗ್ ಕಂಪನಿ ಹೇಳಿತು. ಎಷ್ಟೋ ಆಂಡ್ರಾಯ್ಡ್ ಲೈಬ್ರರಿಗಳ ಮನೆಯಾಗಿದ್ದ ಜೆಸೆಂಟರ್ ಅದರ ಭಾಗ. ಗಲಾಟೆಯಾದ ಮೇಲೆ ಓದಲು ಮಾತ್ರ ತೆರೆದಿಟ್ಟರು, ಆದರೆ ಹೊಸ ಆವೃತ್ತಿಗಳು ಅಲ್ಲಿಗೆ ಬರುವುದು ನಿಂತಿತು. ಜಾವಾಸ್ಕ್ರಿಪ್ಟ್ ಕಡೆಯವರಿಗೆ ಇಂಥದ್ದೇ ಪೆಟ್ಟು ಬಿದ್ದದ್ದು 2021ರ ಅಕ್ಟೋಬರಿನಲ್ಲಿ. ನೋಡ್ 17 ಜೊತೆಗೆ ಓಪನ್ ಎಸ್‌ಎಸ್‌ಎಲ್ 3 ಬಂತು, ಅದು ಹಳೆಯ ಎಂಡಿ4 ಹ್ಯಾಶನ್ನು ಪಕ್ಕಕ್ಕಿಟ್ಟಿತ್ತು, ಅವರ ಬಿಲ್ಡ್ ಟೂಲ್ ವೆಬ್‌ಪ್ಯಾಕ್ 4 ಒಳಗೊಳಗೆ ಅದನ್ನೇ ನೆಚ್ಚಿಕೊಂಡಿತ್ತು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿ ಹೊಸ ಲ್ಯಾಪ್‌ಟಾಪಿನಲ್ಲಿ ಹೊಸ ನೋಡ್ ಹಾಕಿಕೊಂಡಳು, ಅವಳೊಬ್ಬಳಿಗೇ ಬಿಲ್ಡ್ ಆಗುತ್ತಿಲ್ಲ. "ನಂಗೆ ಸರಿಯಾಗೇ ಆಗ್ತಿದೆಯಲ್ಲಾ" ಎಂದು ಹಳಬರು ಹೇಳುವ ಆ ದಿನವನ್ನು ಗುರುತು ಹಾಕಿಕೊಳ್ಳಬೇಕು. ಹಳೆಯ ನಡತೆಗೆ ಮರಳಿಸುವ ಒಂದು ಫ್ಲ್ಯಾಗನ್ನು ಸೇರಿಸಿ ಮುಂದೆ ಹೋದವರೇ ಹೆಚ್ಚು. ತಪ್ಪೇನಲ್ಲ. ಆದರೆ ಆ ಫ್ಲ್ಯಾಗ್ ಯಾಕಿದೆ, ಯಾವಾಗ ತೆಗೆಯಬೇಕು ಎಂದು ಪಕ್ಕದಲ್ಲಿ ಬರೆದಿಡದಿದ್ದರೆ ಮೂರು ವರ್ಷದ ಮೇಲೆ ಅದನ್ನು ಮುಟ್ಟಲು ಯಾರಿಗೂ ಧೈರ್ಯ ಬರುವುದಿಲ್ಲ.

ಟೂಲ್ ಹಳೆಯದಾಗುತ್ತಿದೆ ಎಂಬ ಇನ್ನೊಂದು ಸೂಚನೆ ದಿನಾಲೂ ಕಣ್ಣೆದುರಿಗೇ ಇರುತ್ತದೆ. ಬಿಲ್ಡ್ ಮುಗಿದಾಗ ಗ್ರೇಡಲ್ ಕೊನೆಯಲ್ಲಿ ಒಂದು ಸಾಲು ಅಚ್ಚು ಮಾಡುತ್ತದೆ: ಈ ಬಿಲ್ಡ್‌ನಲ್ಲಿ ಬಳಸಿದ ಕೆಲವು ಸೌಲಭ್ಯಗಳು ಮುಂದೆ ಇರುವುದಿಲ್ಲ, ಹಾಗಾಗಿ ಇದು ಇಂಥ ಆವೃತ್ತಿಗೆ ಹೊಂದುವುದಿಲ್ಲ ಎಂದು. ಆವೃತ್ತಿಯ ಸಂಖ್ಯೆಯನ್ನೂ ಹೇಳುತ್ತದೆ. 'ಬಿಲ್ಡ್ ಸಕ್ಸೆಸ್‌ಫುಲ್' ಎಂಬ ಹಸಿರು ಅಕ್ಷರ ಅದರ ಹತ್ತಿರದಲ್ಲೇ ಇರುವುದರಿಂದ ಅದನ್ನು ಓದುವವರಿಲ್ಲ. ಡಿಪೆಂಡೆನ್ಸಿ ಸೇರಿಸಲು ಬಳಸುತ್ತಿದ್ದ 'ಕಂಪೈಲ್' ಎಂಬ ಪದ ಬೇಡ, 'ಇಂಪ್ಲಿಮೆಂಟೇಶನ್' ಎಂದು ಬರೆಯಿರಿ ಎಂದು 2017ರಿಂದ ಹೇಳಿಕೊಂಡು ಬಂದರು. 2021ರ ಏಪ್ರಿಲಿನಲ್ಲಿ ಗ್ರೇಡಲ್ 7.0 ಆ ಪದವನ್ನೇ ಕಿತ್ತುಹಾಕಿತು. ನಾಲ್ಕು ವರ್ಷದ ನೋಟಿಸು ಕೊಟ್ಟಮೇಲೂ ಅಂದು ಬಿಲ್ಡ್ ಮುರಿದುಕೊಂಡವರಿಗೆ ಲೆಕ್ಕವಿಲ್ಲ. ಎಲ್ಲ ವಾರ್ನಿಂಗುಗಳನ್ನೂ ಬಿಡಿಸಿ ತೋರಿಸು ಎಂದು ಗ್ರೇಡಲ್‌ಗೆ ಹೇಳುವ ಆಯ್ಕೆ ಇದೆ. ತಿಂಗಳಿಗೊಮ್ಮೆ ಹಾಗೆ ಓಡಿಸಿ ಎಣಿಸಿಟ್ಟರೆ ಅಂತರ ಎಷ್ಟು ಬೆಳೆಯುತ್ತಿದೆ ಎಂಬುದು ತಿಳಿಯುತ್ತದೆ.

ವೇಗದ ಆಸೆಗೆ ಅಪ್‌ಗ್ರೇಡ್ ಮಾಡುವುದು ಬೇರೆ ವಿಷಯ. ಹೊಸ ಆವೃತ್ತಿ ಇಷ್ಟು ಪಟ್ಟು ವೇಗ ಎಂಬ ಮಾತು ಪ್ರತಿ ಬಿಡುಗಡೆಯ ಜೊತೆಗೂ ಬರುತ್ತದೆ. ನಂಬುವ ಮೊದಲು ಲೆಕ್ಕ ಹಾಕಿ. ಇಪ್ಪತ್ತು ಜನ, ದಿನಕ್ಕೆ ಒಬ್ಬೊಬ್ಬರು 15 ಬಿಲ್ಡ್, ಒಂದೊಂದರಲ್ಲಿ 20 ಸೆಕೆಂಡ್ ಉಳಿತಾಯ ಎಂದರೆ ಇಡೀ ತಂಡಕ್ಕೆ ದಿನಕ್ಕೆ 100 ನಿಮಿಷ. ಇಬ್ಬರು ಎರಡು ವಾರ ಕೂತು ಅಪ್‌ಗ್ರೇಡ್ ಮಾಡಿದರೆ ಖರ್ಚಾಗುವುದು 160 ಗಂಟೆ. ಆ ಸಾಲ ತೀರಲು 96 ಕೆಲಸದ ದಿನ, ಹತ್ತಿರ ಹತ್ತಿರ ನಾಲ್ಕೂವರೆ ತಿಂಗಳು. ಇಪ್ಪತ್ತರ ಬದಲು ಐದೇ ಜನರಿದ್ದರೆ ಒಂದೂವರೆ ವರ್ಷ, ಅಷ್ಟರಲ್ಲಿ ಇನ್ನೊಂದು ದೊಡ್ಡ ಆವೃತ್ತಿ ಬಂದಿರುತ್ತದೆ. ಸಣ್ಣ ತಂಡ ವೇಗಕ್ಕಾಗಿ ಟೂಲ್ ಬದಲಿಸುವುದು ನನ್ನ ಅಭಿಪ್ರಾಯದಲ್ಲಿ ಬಹುತೇಕ ನಷ್ಟದ ವ್ಯಾಪಾರ. ಅದೇ ಸಮಯದಲ್ಲಿ ಬೇಡದ ಮಾಡ್ಯೂಲ್ ತೆಗೆದು ಕ್ಯಾಶ್ ಸರಿಪಡಿಸಿದರೆ ಇದಕ್ಕಿಂತ ಹೆಚ್ಚು ಸಿಗುತ್ತದೆ.

ಅಪ್‌ಗ್ರೇಡ್ ಮಾಡದೇ ಇರುವುದೇ ಸರಿಯಾದ ಜಾಗಗಳೂ ಇವೆ. ಇಂದಿರಾನಗರದಿಂದ ಹಳೇ ಏರ್‌ಪೋರ್ಟ್ ರಸ್ತೆ ಹಿಡಿದು ಸ್ವಲ್ಪ ದೂರ ಹೋದರೆ ಎಚ್‌ಎಎಲ್, ವಿಮಾನಪುರ. ವಿಮಾನದೊಳಗೆ ಓಡುವ ತಂತ್ರಾಂಶದ ಲೋಕವೇ ಬೇರೆ. ನಾಗರಿಕ ವಿಮಾನಗಳ ತಂತ್ರಾಂಶಕ್ಕೆ ಜಗತ್ತಿನ ಬಹುಭಾಗ ಪಾಲಿಸುವ ಡಿಒ-178ಸಿ ಎಂಬ 2011ರ ಮಾರ್ಗಸೂಚಿಯ ಪ್ರಕಾರ, ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ಆಯ್ಕೆಗಳೊಂದಿಗೆ ಬಳಸಲಾಯಿತು ಎಂಬುದು ದಾಖಲೆಯಲ್ಲಿರಬೇಕು. ಅದನ್ನು ಬದಲಿಸಿದರೆ ಪರೀಕ್ಷೆಗಳನ್ನು ಎಷ್ಟರ ಮಟ್ಟಿಗೆ ಮತ್ತೆ ಮಾಡಬೇಕು ಎಂದು ವಿಶ್ಲೇಷಿಸಿ ತೋರಿಸಬೇಕು. ಅಲ್ಲಿ ಹತ್ತು ವರ್ಷ ಹಳೆಯ ಕಂಪೈಲರ್ ಕಂಡರೆ ನಗಬಾರದು. ಅದು ಪರೀಕ್ಷಿಸಿ ನಿಲ್ಲಿಸಿದ ಜಾಗ.

ಶಿವಾಜಿನಗರದ ಅಂಗಡಿಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಇಬ್ಬರ ತಂಡ ಜಾವಾ 8, ಆ್ಯಂಟ್ ಎಂಬ ಹಳೆಯ ಬಿಲ್ಡ್ ಟೂಲ್ ಇಟ್ಟುಕೊಂಡಿದೆ ಎಂದರೂ ನಾನು ಅದನ್ನೇ ಹೇಳುತ್ತೇನೆ. ವರ್ಷಕ್ಕೆರಡು ಸಲ ತೆರಿಗೆ ದರ ತಿದ್ದುವುದಷ್ಟೇ ಕೆಲಸ, ಯಾವ ಸ್ಟೋರಿನ ಗಡುವೂ ಇಲ್ಲ. 2000ದಲ್ಲಿ ಬಂದ ಆ್ಯಂಟ್ ಈಗಲೂ ಓಡುತ್ತದೆ. ಅದನ್ನು ಗ್ರೇಡಲ್‌ಗೆ ಸಾಗಿಸಿದರೆ ಗಿರಾಕಿಗೆ ಸಿಗುವುದು ಏನೂ ಇಲ್ಲ.

ಆದರೆ ನಿಲ್ಲಿಸುವುದಕ್ಕೂ ಕೆಲಸವಿದೆ. ಅದೇ ಜಾವಾ, ಅದೇ ಟೂಲ್, ಅದೇ ಲೈಬ್ರರಿಗಳ ಪ್ರತಿಯನ್ನು ನಮ್ಮ ಬಳಿ ಇಟ್ಟುಕೊಂಡು, ಇಂಟರ್ನೆಟ್ ಕೇಬಲ್ ಕಿತ್ತ ಖಾಲಿ ಯಂತ್ರದಲ್ಲಿ ವರ್ಷಕ್ಕೊಮ್ಮೆ ಬಿಲ್ಡ್ ಮಾಡಿ ನೋಡಬೇಕು. ಆಗದಿದ್ದರೆ ಆ ಪ್ರಾಜೆಕ್ಟ್ ನಿಂತಿಲ್ಲ, ಅನಾಥವಾಗಿದೆ. ಇದನ್ನು ಟೂಲ್ ಹಂತದಲ್ಲೇ ಬಿಗಿ ಮಾಡುವ ದಾರಿಯನ್ನು ನೋಡಬೇಕೆಂದರೆ ನಮ್ಮ ಯಾತ್ರಿ ಆಟೊ ಆ್ಯಪ್‌ನ ಸರ್ವರ್ ಕೋಡ್ ತೆರೆಯಿರಿ, ಅದು ಎಲ್ಲರಿಗೂ ಮುಕ್ತ. ಹ್ಯಾಸ್ಕೆಲ್‌ನಲ್ಲಿ ಬರೆದದ್ದು, ನಿಕ್ಸ್‌ನಿಂದ ಕಟ್ಟುವಂಥದ್ದು. ಕಂಪೈಲರಿನಿಂದ ಹಿಡಿದು ಎಲ್ಲ ಅವಲಂಬನೆಗಳ ನಿಖರ ಗುರುತು ಅದರ ಲಾಕ್ ಫೈಲಿನಲ್ಲಿ ಇರುತ್ತದೆ. ಅಪ್‌ಗ್ರೇಡ್ ಎಂದರೆ ಆ ಫೈಲಿನ ಬದಲಾವಣೆ. ಹಿಂದೆ ಬರಬೇಕೆಂದರೆ ಫೈಲನ್ನು ಹಿಂದಕ್ಕೆ ಹಾಕುವುದು. ನಿಕ್ಸ್ ಕಲಿಯುವ ಕಷ್ಟ ಎಲ್ಲ ತಂಡಕ್ಕೂ ಹಿಡಿಸುವುದಿಲ್ಲ, ಅದು ಬೇರೆ ಮಾತು.

ಇನ್ನು ನೂರಡಿ ರಸ್ತೆಯ ತಂಡಕ್ಕೆ ತಿಂಗಳು ಹುಡುಕೋಣ. ಪ್ಲೇ ಸ್ಟೋರಿನ ಗುರಿ ಆವೃತ್ತಿಯ ಗಡುವು 2023, 2024, 2025 ಮೂರೂ ವರ್ಷ ಆಗಸ್ಟ್ 31ಕ್ಕೇ ಬಿದ್ದಿದೆ. ಸೆಪ್ಟೆಂಬರಿನಿಂದ ದಸರಾ ದೀಪಾವಳಿ ಮಾರಾಟದ ಕಾಲ, ಹಣ ಪಾವತಿ, ಡೆಲಿವರಿ, ಅಂಗಡಿ ಇಂಥ ಆ್ಯಪ್‌ಗಳಲ್ಲಿ ಕೋಡ್ ಫ್ರೀಜ್, ದೊಡ್ಡದೇನನ್ನೂ ಮುಟ್ಟುವಂತಿಲ್ಲ. ಡಿಸೆಂಬರಿನಲ್ಲಿ ಅರ್ಧ ತಂಡ ರಜೆಯ ಮೇಲೆ. ಮಾರ್ಚ್ ವರ್ಷಾಂತ್ಯ, ಏಪ್ರಿಲ್ ಮೇನಲ್ಲಿ ಅಪ್ರೈಸಲ್ ಮುಗಿದು ಒಂದಿಬ್ಬರು ಬೇರೆ ಕಂಪನಿ ಹಿಡಿಯುತ್ತಾರೆ, ಹೋಗುವವರಲ್ಲಿ ಬಿಲ್ಡ್ ಫೈಲ್ ಗೊತ್ತಿದ್ದವನೇ ಇರುತ್ತಾನೆ. ಉಳಿಯುವುದು ಜೂನ್, ತಪ್ಪಿದರೆ ಜುಲೈ ಮೊದಲ ವಾರಗಳು. ಮೇನಲ್ಲಿ ಗೂಗಲ್ ತನ್ನ ಸಮ್ಮೇಳನದಲ್ಲಿ ಹೊಸ ಆಂಡ್ರಾಯ್ಡ್ ಬಗ್ಗೆ ಹೇಳಿ ಮುಗಿಸಿರುತ್ತದೆ, ಬೇಕಾದ ಎಜಿಪಿ ಯಾವುದೆಂದು ತಿಳಿದಿರುತ್ತದೆ. ಎರಡು ತಿಂಗಳು ಕೈಯಲ್ಲಿರುತ್ತದೆ. ಯಾವ ಆವೃತ್ತಿಗೆ ಹೋಗಬೇಕು ಎಂದರೆ, ಪೂಜ್ಯದಲ್ಲಿ ಕೊನೆಗೊಳ್ಳುವುದನ್ನು ಬಿಟ್ಟು ಅದರ ನಂತರದ ಒಂದೆರಡು ತಿದ್ದುಪಡಿಗಳು ಬಂದದ್ದಕ್ಕೆ. ಗ್ರೇಡಲ್ 9.0 ಬಂದದ್ದು 2025ರ ಜುಲೈ 31ರಂದು, ಅದು ಓಡಲು ಕನಿಷ್ಠ ಜಾವಾ 17 ಬೇಕು. ಆ ಆಗಸ್ಟ್ ಗಡುವಿಗೆ ಓಡುತ್ತಿದ್ದವರು ಅದೇ ತಿಂಗಳು ಅದರ ಮೇಲೆ ಹಾರುವುದರಲ್ಲಿ ಅರ್ಥವಿರಲಿಲ್ಲ, ನಿಮ್ಮ ಪ್ಲಗಿನ್ ಬರೆದವರಿಗೇ ಇನ್ನೂ ಸಮಯ ಸಿಕ್ಕಿರಲಿಲ್ಲ.

ಮಾಡುವ ಕ್ರಮದಲ್ಲಿ ಒಂದೇ ಹಟ ಹಿಡಿಯಬೇಕು: ಆ ಬ್ರಾಂಚಿನಲ್ಲಿ ಬೇರೇನೂ ಇರಬಾರದು. ಹೊಸ ಫೀಚರ್ ಬೇಡ, ದಾರಿಯಲ್ಲಿ ಕಂಡ ಕೊಳೆ ತೊಳೆಯುವುದೂ ಬೇಡ. ಮೊದಲು ಈಗಿರುವ ದೊಡ್ಡ ಆವೃತ್ತಿಯ ಕೊನೆಯ ಸಣ್ಣ ಆವೃತ್ತಿಗೆ ಹೋಗಿ, ಗ್ರೇಡಲ್ 7.0ಯಲ್ಲಿದ್ದರೆ 7.6ಕ್ಕೆ. ಅಲ್ಲಿ ಎಲ್ಲ ವಾರ್ನಿಂಗ್ ತೀರಿಸಿ, ಮರ್ಜ್ ಮಾಡಿ, ನಾಲ್ಕು ದಿನ ಬಿಡಿ. ಆಮೇಲೆ 8. ಜಾವಾ, ಗ್ರೇಡಲ್, ಎಜಿಪಿ, ಕೋಟ್ಲಿನ್ ಬೇರೆ ಬೇರೆ ಕಮಿಟ್ ಆಗಿರಲಿ, ಯಾವ ಆವೃತ್ತಿಗೆ ಯಾವುದು ಹೊಂದುತ್ತದೆ ಎಂಬ ಪಟ್ಟಿ ಅನುಮತಿಸುವಷ್ಟರ ಮಟ್ಟಿಗೆ. ಆವೃತ್ತಿ ಸಂಖ್ಯೆ ಇರುವ ವ್ರ್ಯಾಪರ್ ಫೈಲಿನಲ್ಲಿ ಡೌನ್‌ಲೋಡ್ ವಿಳಾಸದ ಕೆಳಗೆ ಚೆಕ್‌ಸಮ್ ಬರೆಯಲು ಜಾಗವಿದೆ, ಈ ನೆಪದಲ್ಲಾದರೂ ಅದನ್ನು ತುಂಬಿ. ಹಳೆಯ ಟೂಲ್ ಕಟ್ಟಿದ ಮತ್ತು ಹೊಸ ಟೂಲ್ ಕಟ್ಟಿದ ರಿಲೀಸ್ ಫೈಲುಗಳನ್ನು ಪಕ್ಕಪಕ್ಕ ಇಟ್ಟು ಗಾತ್ರ, ಅನುಮತಿಗಳು, ಡಿಪೆಂಡೆನ್ಸಿಗಳ ಪಟ್ಟಿ ಹೋಲಿಸಿ. ಕೋಡ್ ಬದಲಾಗದೆ ಗಾತ್ರ ಏಕಾಏಕಿ ಇಳಿದರೆ ಖುಷಿಪಡುವ ಮೊದಲು ಏನು ಹೋಯಿತೆಂದು ನೋಡಿ. ರಿಲೀಸ್ ಬಿಲ್ಡನ್ನು ಹಳೆಯ ಅಗ್ಗದ ಫೋನಿನಲ್ಲಿ ಕೈಯಾರೆ ಓಡಿಸಿ. ಪ್ಲೇ ಸ್ಟೋರಿನಲ್ಲಿ ಮೊದಲು ನೂರಕ್ಕೆ ಒಬ್ಬರಿಗೋ ಐವರಿಗೋ ಬಿಡುವ ಸೌಲಭ್ಯ ಇರುವುದೇ ಇಂಥದ್ದಕ್ಕೆ.

ಎಲ್ಲಕ್ಕಿಂತ ದುಬಾರಿ ಅರ್ಧಕ್ಕೆ ನಿಂತ ಅಪ್‌ಗ್ರೇಡ್. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ಮೆಟ್ರೊ ಶುರುವಾಯಿತು, ಬೈಯಪ್ಪನಹಳ್ಳಿಯಿಂದ ಈಚೆಗೆ 2011ರಿಂದಲೇ ಓಡುತ್ತಿತ್ತು. ನಡುವಿನ ಎರಡು ಕಿಲೋಮೀಟರ್ ಚಿಲ್ಲರೆ ಕೂಡಿದ್ದು ಅಕ್ಟೋಬರ್ 9ಕ್ಕೆ. ಅಲ್ಲಿಯವರೆಗೆ ಎರಡು ಸುಂದರ ನಿಲ್ದಾಣಗಳ ನಡುವೆ ಜನ ಇಳಿದು, ಬಸ್ಸು ಹಿಡಿದು, ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಕೂತರು. ಅರ್ಧ ಮಾಡ್ಯೂಲ್‌ಗಳ ಬಿಲ್ಡ್ ಫೈಲು ಹಳೆಯ ಗ್ರೂವಿ ಭಾಷೆಯ ಬರಹದಲ್ಲಿ, ಅರ್ಧ ಕೋಟ್ಲಿನ್ ಬರಹದಲ್ಲಿ, ಇನ್ನೆರಡು ಮೇವನ್ ಎಂಬ ಬೇರೆಯೇ ಬಿಲ್ಡ್ ಟೂಲಿನಲ್ಲಿ ಇರುವ ಪ್ರಾಜೆಕ್ಟಿನಲ್ಲಿ ಕೆಲಸ ಮಾಡುವವರ ಪಾಡು ಅದೇ. ಎರಡೂ ಕಡೆಯ ತೊಂದರೆ ಸಿಗುತ್ತದೆ, ಯಾವುದರ ಲಾಭವೂ ಪೂರ್ತಿ ಸಿಗುವುದಿಲ್ಲ. ಮುಗಿಸುವಷ್ಟು ಜನ ಈ ತಿಂಗಳು ಇಲ್ಲದಿದ್ದರೆ ಶುರು ಮಾಡಬೇಡಿ.

ಮುಗಿದ ಮೇಲೂ ಬಿಲ್ಡ್ ಓಡಿಸುವ ಸಿಐ ಯಂತ್ರದಿಂದ ಜಾವಾ 11ನ್ನು ತಕ್ಷಣ ಅಳಿಸಬೇಡಿ. ಹಳೆಯ ರಿಲೀಸ್ ಇನ್ನೂ ಗ್ರಾಹಕರ ಫೋನುಗಳಲ್ಲಿದೆ, ಹೊಸದು ಶೇಕಡಾ ಐದು ಜನರ ಬಳಿ ಮಾತ್ರ. ನಡುವೆ ತುರ್ತು ತಿದ್ದುಪಡಿ ಬಂದರೆ ಅದು ಹೊರಡಬೇಕಾದದ್ದು ಹಳೆಯ ಬ್ರಾಂಚಿನಿಂದ, ಹಳೆಯ ಟೂಲಿನಲ್ಲೇ. ಹೊಸ ರಿಲೀಸ್ ಎಲ್ಲರಿಗೂ ಹೋಗಿ, ಕ್ರ್ಯಾಶ್ ಪ್ರಮಾಣ ಎರಡು ವಾರ ಮೊದಲಿನಷ್ಟೇ ಇದ್ದ ಮೇಲೆ ಆ ಹಳೆಯ ಜಾವಾ ತೆಗೆಯಿರಿ. ತೆಗೆಯುವ ದಿನಾಂಕವನ್ನೂ, ತೆಗೆಯುವವರ ಹೆಸರನ್ನೂ ಅಪ್‌ಗ್ರೇಡ್ ಟಿಕೆಟ್ಟಿನಲ್ಲೇ ಬರೆದು, ಅಲ್ಲಿಯವರೆಗೆ ಟಿಕೆಟ್ ಮುಚ್ಚದೆ ಇಡಿ.